ಅಳತೆಯವರಿಗೆ ಕಾಣದ ದಾರಿ

ಸ್ವಲ್ಪ ಕೂತುಕೊಳ್ಳಿ, ಇದನ್ನು ಪೂರ್ತಿ ಕೇಳಿ ಆಮೇಲೆ ಎದ್ದು ಹೋಗಿ. ನಿಮ್ಮ ಮನೆ ಹತ್ತಿರವೂ ಸರ್ಕಾರದ ಒಂದು ಖಾಲಿ ಜಾಗ ಇರಬಹುದು, ಅದಕ್ಕೇ ಹೇಳುತ್ತಿರುವುದು.

ಒಂದು ನಗರದ ನಡುವೆ ಹಳೆಯ ಬಸ್ ಡಿಪೋ ಇತ್ತು. ಬಸ್ಸುಗಳೆಲ್ಲ ಹೊಸ ಡಿಪೋಗೆ ಹೋದ ಮೇಲೆ ಅದು ಪಾಳು ಬಿದ್ದಿತ್ತು. ಡಿಪೋದ ಈಚೆ ಒಂದು ಓಣಿ, ಆಚೆ ದೊಡ್ಡ ಆಸ್ಪತ್ರೆ. ಓಣಿಯ ಕೊನೆಯಲ್ಲಿ ಡಿಪೋ ಗೋಡೆ ಕುಸಿದು, ಒಬ್ಬರು ನುಸುಳುವಷ್ಟು ಕಿಂಡಿಯಾಗಿತ್ತು. ಆಸ್ಪತ್ರೆಗೆ ಹೋಗುವವರೆಲ್ಲ ಅದರಲ್ಲೇ ನುಸುಳಿ ಡಿಪೋ ದಾಟುತ್ತಿದ್ದರು.

ಆ ಓಣಿಯಲ್ಲಿ ಒಬ್ಬ ವೆಲ್ಡರ್. ಅವನ ಹೆಂಡತಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಮನೆಯಲ್ಲಿ ಹಾಲು ಕುಡಿಯುವ ಮಗು. ಊಟದ ಬಿಡುವಿನಲ್ಲಿ ಅವಳು ಡಿಪೋ ಒಳಗಿಂದ ಓಡಿ ಬಂದು, ಮಗುವಿಗೆ ಹಾಲು ಕೊಟ್ಟು, ಮತ್ತೆ ಓಡುತ್ತಿದ್ದಳು. ಮುಖ್ಯರಸ್ತೆ ಸುತ್ತಿಕೊಂಡು ಬಂದರೆ ಬಿಡುವೆಲ್ಲ ದಾರಿಯಲ್ಲೇ ಮುಗಿಯುತ್ತಿತ್ತು.

ವೆಲ್ಡರನ ತಂಗಿ ಮನೆಮನೆಗೆ ಹೋಗಿ ನೀರಿನ ಮೀಟರ್ ನೋಡುವವಳು. ಒಂದು ಸಂಜೆ ಬಂದವಳೇ ಸುದ್ದಿ ಹೇಳಿದಳು.

"ಅಣ್ಣಾ, ಡಿಪೋ ಜಾಗದಲ್ಲಿ ಏನು ಮಾಡಬೇಕು ಅಂತ ನಗರಸಭೇಲಿ ನಕ್ಷೆ ಇಟ್ಟಿದಾರೆ. ಪಾರ್ಕು, ಲೈಬ್ರರಿ, ಅಂಗಡಿ ಸಾಲು. ಶನಿವಾರ ಜನರ ಅಭಿಪ್ರಾಯ ಕೇಳ್ತಾರಂತೆ, ನಡಿ ಹೋಗೋಣ."

"ಅವರು ಆಗ್ಲೇ ಎಲ್ಲ ತೀರ್ಮಾನ ಮಾಡಿರ್ತಾರೆ ಕಣೇ. ನಮ್ಮನ್ನ ಕರೆಯೋದು ಚಪ್ಪಾಳೆ ತಟ್ಟೋಕೆ."

"ನಕ್ಷೇಲಿ ನಮ್ಮ ಓಣಿ ಕಡೆ ಉದ್ದಕ್ಕೂ ಗೋಡೆ ಇದೆ. ಬಾಗಿಲೇ ಇಲ್ಲ."

ಮಗುವನ್ನು ತಟ್ಟುತ್ತಿದ್ದ ಹೆಂಡತಿಯ ಕೈ ನಿಂತಿತು. "ಅದು ಹೆಂಗೆ? ದಿನಾ ಇಷ್ಟು ಜನ ಓಡಾಡ್ತೀವಲ್ಲ?"

"ಅಳತೆಗೆ ಬಂದೋರಿಗೆ ದಾರಿ ಕಾಣಿಸಿಲ್ಲ ಅತ್ತಿಗೆ."

ವೆಲ್ಡರ್ ಸುಮ್ಮನೆ ಕೆಮ್ಮಿದ. ಅಳತೆಯವರು ಬಂದ ದಿನ, ಸರ್ಕಾರಿ ಜಾಗದಲ್ಲಿ ನುಸುಳುತ್ತಿದ್ದುದಕ್ಕೆ ದಂಡ ಹಾಕುತ್ತಾರೆಂದು ಓಣಿಯವರಿಗೆಲ್ಲ ಹೆದರಿಕೆಯಾಗಿತ್ತು. ಇವನೇ ಕಿಂಡಿಗೆ ತಗಡು ಬಡಿದಿದ್ದ. ಓಣಿಯ ಚಹಾ ಅಂಗಡಿಯವನು ಅದರ ಮುಂದೆ ನೀರಿನ ಡ್ರಮ್ಮು ಇಟ್ಟಿದ್ದ. ಅಳತೆಯವರು ಹೋದ ಮೇಲೆ ಎರಡನ್ನೂ ತೆಗೆದಿದ್ದರು.

"ನಿನ್ನ ತಗಡು ನೋಡಿ ಸರ್ಕಾರವೇ ಮೋಸ ಹೋಗಿದೆ," ಎಂದಳು ತಂಗಿ. "ನಿನ್ನ ಕೈಕೆಲಸಕ್ಕೆ ಇನ್ನೇನು ಸರ್ಟಿಫಿಕೇಟ್ ಬೇಕು?"

ಮಾತು ಚಹಾ ಅಂಗಡಿಗೂ ಹೋಯಿತು. ಅಂಗಡಿಯವನಿಗೆ ಇದು ಹಿಡಿಸಲಿಲ್ಲ.

"ಬಾಯಿ ಬಿಟ್ರೆ ನಾಳೆನೇ ಬಂದು ಕಿಂಡಿ ಮುಚ್ತಾರೆ. ಕೆಲಸ ಶುರುವಾಗೋದು ಯಾವ ಕಾಲಕ್ಕೋ. ಅಲ್ಲೀವರೆಗಾದ್ರೂ ಆರಾಮಾಗಿ ಓಡಾಡೋಣ ಬಿಡ್ರಪ್ಪ."

"ಗೋಡೆ ಎದ್ದ ಮೇಲೆ ಬಾಗಿಲು ಕೇಳಿದ್ರೆ ಯಾರು ಒಡೀತಾರೆ?" ಎಂದಳು ತಂಗಿ. "ಈಗ ಅದು ಬರೀ ಪೆನ್ಸಿಲ್ ಗೆರೆ. ಅಳಿಸೋದು ಸುಲಭ."

ವೆಲ್ಡರ್ ಇಬ್ಬರ ಮಾತಿಗೂ ತಲೆಯಾಡಿಸಿ ಮನೆಗೆ ಬಂದ. "ಮಗು ಹಾಲು ಬಿಡೋವರೆಗೆ ಹೇಗೋ ನಡೆದುಹೋಗುತ್ತೆ, ಸುಮ್ನಿರೋಣ," ಎಂದ.

"ಆಮೇಲೆ?" ಎಂದಳು ಹೆಂಡತಿ. "ಈ ಓಣೀಲಿ ನಾನೊಬ್ಬಳೇನಾ ರೀ ಹೆರೋದು?"

ಶನಿವಾರ ಅವನೂ ತಂಗಿಯ ಜೊತೆ ಹೊರಟ.

ನಗರಸಭೆಯ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಒಬ್ಬ ಮಹಿಳಾ ಅಧಿಕಾರಿ ಕೂತಿದ್ದರು. ಒಬ್ಬರು ಕಾರಂಜಿ ಕೇಳಿದರು, ಒಬ್ಬರು ಜಿಮ್ ಕೇಳಿದರು, ಕಾರು ನಿಲ್ಲಿಸಲು ಜಾಗ ಕೇಳಿದವರು ಬಹಳ. ಓಣಿಯವರೂ ಬಂದಿದ್ದರು, ದಾರಿಯ ಮಾತು ಯಾರೂ ಎತ್ತಲಿಲ್ಲ. ಕೊನೆಗೆ ವೆಲ್ಡರ್ ಎದ್ದು ನಿಂತ.

"ಮೇಡಂ, ನಮ್ಮ ಕಡೆ ಗೋಡೇಲಿ ಒಂದು ದಾರಿ ಇದೆ. ನಿಮ್ಮೋರಿಗೆ ಕಾಣದ ಹಾಗೆ ತಗಡು ಬಡಿದೋನು ನಾನೇ."

ಸಭೆ ನಕ್ಕಿತು. ಅಧಿಕಾರಿ ನಗಲಿಲ್ಲ. "ಯಾರು ಓಡಾಡ್ತಾರೆ ಅದರಲ್ಲಿ?" ಎಂದು ಕೇಳಿದರು.

"ಆಸ್ಪತ್ರೆ ಕೆಲಸದೋರು, ರೋಗಿಗಳಿಗೆ ಊಟ ಒಯ್ಯೋರು. ನನ್ನ ಹೆಂಡ್ತಿ ಮಗುವಿಗೆ ಹಾಲು ಕೊಡೋಕೆ ಬರೋದೂ ಅದರಲ್ಲೇ. ನೀವು ಪಾರ್ಕಾದ್ರೂ ಮಾಡಿ, ಅಂಗಡಿಯಾದ್ರೂ ಮಾಡಿ, ನಡುವೆ ನಡೆಯೋಕೆ ದಾರಿ ಬಿಡಿ."

ಓಣಿಯ ಇನ್ನೂ ನಾಲ್ಕಾರು ಜನ ಕೈ ಎತ್ತಿದರು. ಚಹಾ ಅಂಗಡಿಯವನು ಎತ್ತಲಿಲ್ಲ.

"ಇದನ್ನ ಯಾರೂ ಹೇಳಿರಲಿಲ್ಲ. ನಕ್ಷೆ ತಿದ್ದೋಕೆ ಕಳಿಸ್ತೀನಿ," ಎಂದರು ಅಧಿಕಾರಿ. "ಆದ್ರೆ ಒಳಗಿನ ಶೆಡ್ ಬೀಳೋ ಹಾಗಿದೆ. ಗೊತ್ತಾದ ಮೇಲೆ ನಾನು ಕಿಂಡಿ ತೆರೆದಿಡೋಕೆ ಆಗಲ್ಲ."

ಸೋಮವಾರ ಕಿಂಡಿಗೆ ಇಟ್ಟಿಗೆ ಕಟ್ಟಿದರು. ತಿದ್ದಿದ ನಕ್ಷೆಯೂ ಬಂತು. ಅದರಲ್ಲಿ ಓಣಿಯಿಂದ ಆಸ್ಪತ್ರೆಗೆ ನೇರ ಕಾಲುದಾರಿ, ಉದ್ದಕ್ಕೂ ದೀಪ, ಹಗಲೂ ರಾತ್ರಿ ತೆರೆದಿರುವ ಬಾಗಿಲು. ಆದರೆ ಕೆಲಸ ಇನ್ನೂ ಶುರುವಾಗಿಲ್ಲ.

ಈಗ ಮಧ್ಯಾಹ್ನವಾದರೆ ವೆಲ್ಡರ್ ತನ್ನ ಅಂಗಡಿ ಮುಚ್ಚಿ, ಮಗುವನ್ನು ಎತ್ತಿಕೊಂಡು, ಮುಖ್ಯರಸ್ತೆ ಸುತ್ತಿ ಆಸ್ಪತ್ರೆಗೆ ಹೋಗುತ್ತಾನೆ. "ಬಾಗಿಲು ಕೇಳೋಕೆ ಹೋಗಿ ಕಿಂಡೀನೂ ಕಳ್ಕೊಂಡ ಮಹಾರಾಯ ಹೊರಟ ನೋಡಿ," ಎನ್ನುತ್ತಾನೆ ಚಹಾ ಅಂಗಡಿಯವನು. ವೆಲ್ಡರ್ ನಿಲ್ಲುವುದಿಲ್ಲ, ಅಲ್ಲಿ ಹೆಂಡತಿ ಕಾಯುತ್ತಿರುತ್ತಾಳೆ.

ನಿಮ್ಮ ಊರಿನಲ್ಲೂ ಸರ್ಕಾರಿ ಜಾಗದ ನಕ್ಷೆ ಇಟ್ಟರೆ ಹೋಗಿ ನೋಡಿ. ನಿಮ್ಮ ಮನೆ ಎಲ್ಲಿದೆ, ನಿಮ್ಮ ದಾರಿ ಎಲ್ಲಿದೆ ಎಂದು ಹುಡುಕಿ. ಹೊಸದಾಗಿ ಏನು ಬೇಕು ಅನ್ನುವುದರ ಜೊತೆಗೆ, ಆ ಜಾಗ ಈಗ ನಿಮಗೆ ಯಾವುದಕ್ಕೆ ಬೇಕಾಗಿದೆ ಅನ್ನುವುದನ್ನೂ ಹೇಳಿ. ನೀವು ಮುಚ್ಚಿಟ್ಟಿದ್ದು ನಕ್ಷೆ ಬರೆಯುವವರಿಗೆ ಗೊತ್ತಾಗುವುದಿಲ್ಲ.

ಈಗ ನೀವು ಹೇಳಿ. ಆ ಶನಿವಾರ ಆ ಸಭೆಯಲ್ಲಿ ನೀವು ಇದ್ದಿದ್ದರೆ, ಎದ್ದು ನಿಲ್ಲುತ್ತಿದ್ದಿರಾ, ಸುಮ್ಮನೆ ಕೂತಿರುತ್ತಿದ್ದಿರಾ?