ಮನೆಗೊಂದೇ ನಾಯಿ

ನಮ್ಮ ಕಟ್ಟಡದಲ್ಲಿ ಮನೆಗೊಂದೇ ನಾಯಿ ಎಂಬ ನಿಯಮ. ಕಟ್ಟಡದ ಸಂಘದ ಕಾರ್ಯದರ್ಶಿಗಳು ಎಲ್ಲ ನಾಯಿಗಳ ತಳಿ ತಿಳಿಯಲು ಪರೀಕ್ಷಕನೊಬ್ಬನನ್ನು ಕರೆಸಿದರು. ನನ್ನ ಗಂಡ ಸಾಯುವ ಮೊದಲು ಬೀದಿಯಿಂದ ಎತ್ತಿಕೊಂಡು ಬಂದಿದ್ದ ನಾಯಿಯ ಕಿವಿ ಮಡಚಿ, ಹಲ್ಲು ನೋಡಿ, ಪರೀಕ್ಷಕ ಹೇಳಿದ:

"ತಲೆ ಲ್ಯಾಬ್ರಡಾರ್. ಬೆನ್ನು ಶೆಫರ್ಡ್. ಕಾಲು ಡ್ಯಾಷ್‌ಹಂಡ್. ಬಾಲ ಯಾವ್ದೋ ಗೊತ್ತಾಗ್ತಿಲ್ಲ."

ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿದರು. "ನಾಲ್ಕು ನಾಯಿ ಆಯ್ತಲ್ಲಮ್ಮ. ಭಾನುವಾರದೊಳಗೆ ಮೂರನ್ನ ಕಳಿಸಿಬಿಡಿ. ಇಲ್ದಿದ್ರೆ ನಾಲ್ಕೂ ಹೋಗಬೇಕಾಗುತ್ತೆ."

"ಒಂದೇ ತಟ್ಟೇಲಿ ತಿನ್ನುತ್ತೆ ಸಾರ್."

"ಕೂಡು ಕುಟುಂಬ ಅನ್ನಿ."

ಅತ್ತೆ ಅಡುಗೆಮನೆಯಿಂದಲೇ ಕೇಳಿದರು: "ನಿಮ್ಮ ಮೂಗು ನಿಮ್ಮಜ್ಜಂದು, ಹೊಟ್ಟೆ ಮಾವನ ಮನೇದು. ನೀವೆಷ್ಟು ಜನ?"

ಕಾರ್ಯದರ್ಶಿಗಳು ಕೇಳಿಸದವರಂತೆ ಹೊರಟರು.

ಗಂಡ ಹೋದ ಮೇಲೆ ಅತ್ತೆಯೂ ನಾನೂ ನೇರವಾಗಿ ಮಾತಾಡಿಲ್ಲ. "ಉಣ್ಣೋಕೆ ಹೇಳೋ ಅವಳಿಗೆ" ಎಂದು ಅವರು ನಾಯಿಗೆ ಹೇಳುತ್ತಾರೆ. ಹಸಿವಿಲ್ಲವೆಂದು ನಾನು ನಾಯಿಗೆ ಹೇಳುತ್ತೇನೆ. ಅದು ಹೋದರೆ ಮನೆಯಲ್ಲಿ ಮಾತೇ ನಿಲ್ಲುತ್ತದೆ.

ಶನಿವಾರ ನಾಯಿಯಿಲ್ಲದ ಮನೆಗಳ ಬಾಗಿಲು ತಟ್ಟಿದೆ. ಬೆನ್ನನ್ನು ಕೆಳಮನೆಯ ದರ್ಜಿ ಒಪ್ಪಿಕೊಂಡ. ಕಾಲುಗಳನ್ನು ಎದುರುಮನೆಯ ನರ್ಸ್ ತೆಗೆದುಕೊಂಡಳು. "ನಾಲ್ಕೂ ನಂದೇ ತಾನೆ? ಆಮೇಲೆ ತಕರಾರು ತೆಗೀಬಾರ್ದು" ಎಂದಳು. ತಲೆ ಬೇಕೆಂದು ಕಾರ್ಯದರ್ಶಿಗಳ ಹೆಂಡತಿಯೇ ಮುಂದೆ ಬಂದರು. ಬಾಲ ನಮಗೆ ಉಳಿಯಿತು.

ಭಾನುವಾರ ಕಾರ್ಯದರ್ಶಿಗಳು ಬಂದಾಗ ನಾಯಿ ನಡುಮನೆಯಲ್ಲಿ ಇಡಿಯಾಗಿ ಮಲಗಿತ್ತು.

"ಬಾಲ ಮಾತ್ರ ಇರಬೇಕಿತ್ತಲ್ಲ?"

"ಉಳಿದವು ಬಾಲ ನೋಡೋಕೆ ಬಂದಿವೆ," ಎಂದೆ. "ನೆಂಟರು."

ನಿಯಮದಲ್ಲಿ ನೆಂಟರಿಗೆ ಅಡ್ಡಿಯಿರಲಿಲ್ಲ. ಅವರು ನಾಯಿಯತ್ತ ಬಗ್ಗಿದರು. "ಸರಿ, ತಲೆ ನಮ್ಮನೇದು. ನಾನು ಕರ್ಕೊಂಡು ಹೋಗ್ತೀನಿ."

ಕುತ್ತಿಗೆಪಟ್ಟಿ ಹಿಡಿದು ಎಳೆದರು. ತಲೆ ಮುಂದೆ ಬಂತು. ಬೆನ್ನು ಏಳಲಿಲ್ಲ.

"ಬೆನ್ನು ದರ್ಜೀದು," ಅತ್ತೆ ನೆನಪಿಸಿದರು. "ಕೇಳದೆ ಮುಟ್ಟಬೇಡಿ."

ಅವರು ಕೆಳಗೆ ಹೋಗಿ ದರ್ಜಿಯನ್ನು ಕೇಳಿದರು. ದರ್ಜಿ ಆಗಲಿ ಎಂದ. ನರ್ಸ್ ಮಾತ್ರ ಕಾಲು ಕೊಡಲಿಲ್ಲ.

"ಎತ್ಕೊಂಡು ಹೋಗಿ ಬೇಕಾದ್ರೆ," ಎಂದಳು. "ಕಾಲು ಇಲ್ಲೇ ಇರಲಿ."

ಕೊನೆಗೆ ಅವರು ತಲೆಯನ್ನು ನಮ್ಮಲ್ಲೇ ಬಿಟ್ಟರು. ಈಗ ಸಂಜೆಯ ಹೊತ್ತು ಬಂದು, ನೆಲದ ಮೇಲೆ ಕುಳಿತು, ಅದರ ಕಿವಿ ಸವರುತ್ತಾರೆ. ಕುತ್ತಿಗೆಪಟ್ಟಿಯಿಂದ ಆಚೆಗೆ ಕೈ ಇಳಿಸುವುದಿಲ್ಲ.