ಮೂವತ್ತು ಹೆಜ್ಜೆ

ನನ್ನ ಅಣ್ಣ ಅರ್ಲಿಸ್, ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಾಗ ನಾನು ಮೊಳೆ ತೂಗುತ್ತಿದ್ದೆ. ಕೆಂಟಕಿಯ ಗುಡ್ಡಗಳ ನಡುವೆ ನಮ್ಮ ಸೋದರಳಿಯನದೊಂದು ಹಾರ್ಡ್‌ವೇರ್ ಅಂಗಡಿ. ಅದರಲ್ಲಿ ಬಂದೂಕಿನ ಕೌಂಟರು ಮಾತ್ರ ಹದಿನೆಂಟು ವರ್ಷದಿಂದ ನನ್ನದು. ಯಾರ ಭುಜಕ್ಕೆ ಯಾವ ಬಂದೂಕು ಕೂರುತ್ತದೆ ಎಂದು ಅವರು ನಡೆದು ಬರುವುದನ್ನು ನೋಡಿಯೇ ಹೇಳುತ್ತೇನೆ. ಜಂಬ ಅಂದರೆ ಜಂಬವೇ ಸರಿ.

"ನೆಟ್ಟಿ, ಅಳಿಲು ಹೊಡೆಯೋಕೆ ಒಂದು ಹೊಸ ಟೂ-ಟೂ ರೈಫಲ್ ಬೇಕು," ಅಂದ. "ಮೇಲೆ ಸ್ಕೋಪ್ ಇರ್ಬೇಕು. ಇರೋದ್ರಲ್ಲೇ ದೊಡ್ಡದು ಕೊಡು."

ನಾನು ಅವನ ಮುಖವನ್ನೇ ನೋಡಿದೆ. ಎಪ್ಪತ್ಮೂರು ವರ್ಷದ ಈ ಮನುಷ್ಯ ಜೀವಮಾನವಿಡೀ ಅಪ್ಪನ ಹಳೆಯ ರೈಫಲಿನಲ್ಲಿ, ಬರಿಗಣ್ಣಿನಲ್ಲೇ ಗುರಿಯಿಟ್ಟು ಅಳಿಲು ಹೊಡೆದವನು. ತಲೆಗೇ ಹೊಡೆಯಬೇಕು, ಮಾಂಸ ಕೆಡಬಾರದು, ಅದು ಅವನ ನೇಮ. ಬಂದೂಕಿಗೆ ಸ್ಕೋಪಿನ ದುರ್ಬೀನು ಹಾಕಿಕೊಂಡವರನ್ನು ಕಂಡರೆ, "ಏನಪ್ಪಾ, ಚಂದ್ರನ ಮೇಲೆ ಅಳಿಲು ಹುಡುಕ್ತಿದ್ದೀಯಾ?" ಎಂದು ಕಾಲೆಳೆಯುತ್ತಿದ್ದವನು.

"ಅಪ್ಪಂದಕ್ಕೇನಾಯ್ತು?"

"ಅದ್ರ ಮೇಲೆ ಸ್ಕೋಪ್ ಕೂರಲ್ಲ ಮಾರಾಯ್ತಿ. ಗಿರಾಕಿ ಬಂದ್ರೆ ಪ್ರಶ್ನೆ ಕೇಳ್ಬೇಡ, ಸಾಮಾನು ತೋರ್ಸು."

ತೋರಿಸಿದೆ. ಟ್ರಿಗರಿನ ಕುದುರೆ ಎಳೆದಷ್ಟೂ ಸಲ ತಾನಾಗಿಯೇ ಗುಂಡು ತುಂಬಿಕೊಳ್ಳುವ ಒಂದನ್ನು ಎತ್ತಿ, "ಇದು ಅವಸರದವರಿಗೆ," ಎಂದು ಕೆಳಗಿಟ್ಟ. ಪ್ರತಿ ಗುಂಡಿಗೂ ಕೈಯಾರೆ ಬೋಲ್ಟ್ ಎಳೆಯಬೇಕಾದ, ಗಿಡ್ಡ ನಳಿಗೆಯ ಇನ್ನೊಂದು ಅವನ ಕೈಗೆ ಹೊಂದಿಕೊಂಡಿತು. ಆಮೇಲೆ ಪೆಟ್ಟಿಗೆಯಿಂದ ಒಂಬತ್ತು ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್ ತೆಗೆದು, ಅದೊಂದನ್ನೇ ಅವನ ಕೈಗೆ ಕೊಟ್ಟೆ.

ಅವನು ಕಿಟಕಿಯ ಬಳಿ ಹೋಗಿ ಅದನ್ನು ಕಣ್ಣಿಗೆ ಹಿಡಿದ. ಎದುರಿನ ಮೇವಿನ ಅಂಗಡಿಯ ಬೋರ್ಡು ಓದಿದ. ಹೊರಗೆ ಚೀಲ ಹೊರುತ್ತಿದ್ದವರ ಹೆಸರು ಹೇಳಿದ. ಮುಖವೆಲ್ಲ ನಗು.

"ಎಲ್ಲಾ ಕಾಣ್ತದೆ ನೆಟ್ಟಿ. ಇನ್ನು ತಾಪತ್ರಯ ಇಲ್ಲ. ಪೊದೆಯಲ್ಲಿ ಏನೋ ಅಲ್ಲಾಡ್ತು ಅಂದ್ಕೊ, ರೈಫಲ್ ಎತ್ತಿ ಇದ್ರಲ್ಲಿ ನೋಡಿದ್ರೆ ಏನು ಅಂತ ಗೊತ್ತಾಗ್ಬಿಡುತ್ತೆ."

ಸ್ಕೋಪ್ ಹಿಡಿದುಕೊಂಡೇ ಅವನು ಕೌಂಟರಿಗೆ ಮರಳಿದ.

ಹೋದ ಅಕ್ಟೋಬರಿನಲ್ಲಿ ನಾನು ದಿಬ್ಬದ ಮೇಲಿನ ಹಿಕರಿ ಮರದ ಕೆಳಗೆ ಕೂತು ಕಾಯಿ ಆರಿಸುತ್ತಿದ್ದೆ. ಮೈಮೇಲೆ ನಮ್ಮ ಕಡೆಯ ಅಳಿಲಿನಂಥದೇ ಬೂದು ಬಣ್ಣದ ಸ್ವೆಟರು. ಯಾಕೋ ತಲೆಯೆತ್ತಿ ನೋಡಿದರೆ ಮೂವತ್ತು ಹೆಜ್ಜೆ ಆಚೆ ಅಣ್ಣ, ಅವನ ಕೈಯಲ್ಲಿ ಅಪ್ಪನ ರೈಫಲು, ಅದರ ಬಾಯಿ ನೇರ ನನ್ನ ಕಡೆಗೆ. ಕೂಗಲು ಬಾಯಿ ಬರಲಿಲ್ಲ. ಎಷ್ಟು ಹೊತ್ತೋ ತಿಳಿಯದು, ಅವನು ನಳಿಗೆ ಇಳಿಸಿ, ತಿರುಗಿ, ಏನೂ ಆಗಿಲ್ಲವೆಂಬಂತೆ ಇಳಿದುಹೋದ.

ನಾನು ಯಾರ ಬಳಿಯೂ ತುಟಿ ಪಿಟಕ್ಕೆನ್ನಲಿಲ್ಲ. ಸಣ್ಣಪುಟ್ಟದಕ್ಕೆಲ್ಲ ಊರು ಒಂದು ಮಾಡುವ ನಾನು ಇದೊಂದನ್ನು ಹತ್ತು ತಿಂಗಳು ನುಂಗಿಕೊಂಡೆ. ಅತ್ತಿಗೆ ತೀರಿಕೊಂಡ ಮೇಲೆ ಅವನಿಗೆ ಉಳಿದದ್ದು ಆ ಕಾಡೊಂದೇ. ಅದನ್ನು ಅವನ ಕೈಯಿಂದ ಕಿತ್ತುಕೊಂಡ ಪಾಪ ನನಗೆ ಬೇಡವಾಗಿತ್ತು. ಅವನಿಗೆ ಹೆದರುತ್ತಲೂ ಇದ್ದೆ. ಆಮೇಲೆ ಆ ಮರದ ಬುಡಕ್ಕೆ ನಾನು ಹೋಗಲೇ ಇಲ್ಲ.

ಈಗ ಸ್ಕೋಪನ್ನು ಅವನ ಕೈಯಿಂದ ಕಸಿದುಕೊಂಡೆ.

"ಇದು ಮಾರಾಟಕ್ಕಿಲ್ಲ."

"ಯಾಕೆ?"

"ಏನು ಅಂತ ತಿಳ್ಕೊಳ್ಳೋಕೆ ಯಾರಾದ್ರೂ ಬಂದೂಕು ಎತ್ತಾರಾ ಅಣ್ಣ? ಅಲ್ಲಿರೋದು ಮನುಷ್ಯ ಆಗಿದ್ರೆ? ಹೋದ್ವರ್ಷ ಹಿಕರಿ ಮರದ ಕೆಳಗೆ ನೀನು ಗುರಿಯಿಟ್ಟಿದ್ದು ನನಗೆ."

ಅವನು ಕೌಂಟರಿನ ಅಂಚು ಹಿಡಿದುಕೊಂಡ.

"ಗೊತ್ತು," ಅಂದ.

"ಗೊತ್ತಾ?"

"ನೀನು ತಲೆ ಎತ್ತಿದಾಗ ಗೊತ್ತಾಯ್ತು. ಅಲ್ಲೀವರೆಗೂ ದಪ್ಪ ಅಳಿಲು ಅಂತಲೇ ಅಂದ್ಕೊಂಡಿದ್ದೆ. ಬೆರಳು ಕುದುರೆ ಮೇಲಿತ್ತು ನೆಟ್ಟಿ. ನೀನು ನೋಡಿಲ್ಲ ಅಂತ ದೇವ್ರಿಗೆ ಕೈ ಮುಗಿದು ಮನೆಗೆ ಹೋದೆ. ಅವತ್ತಿಂದ ಅಪ್ಪನ ರೈಫಲ್ ಮುಟ್ಟಿಲ್ಲ."

ಆ ಚಳಿಗಾಲ ಒಂದು ಅಳಿಲೂ ನನ್ನ ಅಡುಗೆಮನೆಗೆ ಬಂದಿರಲಿಲ್ಲ. ಕೇಳಿದಾಗ ಮಂಡಿನೋವು ಅಂದಿದ್ದ. ನಾನೂ ಮತ್ತೆ ಕೇಳಲಿಲ್ಲ. ಇಬ್ಬರೂ ಒಂದೇ ವಿಷಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟು ಹತ್ತು ತಿಂಗಳು ಒಂದೇ ಮೇಜಿನಲ್ಲಿ ಊಟ ಮಾಡಿದ್ದೆವು.

"ಕಣ್ಣಿನ ಒಳಪರದೆ ಅವತ್ತಿಗಿಂತ ಇನ್ನೂ ಸವೆದಿದೆಯಂತೆ. ಕನ್ನಡಕದಿಂದ ಇನ್ನೇನೂ ಸರಿಹೋಗಲ್ಲ ಅಂದ್ರು ಡಾಕ್ಟ್ರು," ಅಂದ. "ಅದಕ್ಕೇ ಸ್ಕೋಪ್ ಕೇಳಿದ್ದು. ನಿನಗೋಸ್ಕರವೇ."

ಅಳು ಬಂತು, ಕೋಪವೂ ಬಂತು. ಅವನ ತೋಳು ಹಿಡಿದು ಅಂಗಡಿಯ ಹಿತ್ತಲಿಗೆ ಎಳೆದುಕೊಂಡು ಹೋಗಿ, ಗೋಡೆಗೆ ಒರಗಿಸಿ ನಿಲ್ಲಿಸಿದೆ. ಬಂದೂಕು ಆರಿಸುವ ಮೊದಲು ಕಣ್ಣು ಅಳೆಯಬೇಕಿತ್ತು. ಹೆಜ್ಜೆ ಎಣಿಸುತ್ತಾ ಹಿಂದಕ್ಕೆ ನಡೆದೆ. ಹತ್ತಕ್ಕೆ ನಿಂತು ಬೆರಳೆತ್ತಿದೆ.

"ಮೂರು. ಉಗುರು ಕತ್ತರಿಸ್ಕೊ," ಅಂದ.

ಹದಿನೈದಕ್ಕೆ ಸರಿಯಾಗಿ ಹೇಳಿದ. ಇಪ್ಪತ್ತಕ್ಕೆ ಸ್ವಲ್ಪ ತಡೆದು ಹೇಳಿದ. ಇಪ್ಪತ್ತೈದಕ್ಕೆ ಮುಖ ಮುಂದೆ ಚಾಚಿ, "ಎರಡು," ಅಂದ. ನಾನು ಎತ್ತಿದ್ದು ನಾಲ್ಕು. ಮೂವತ್ತಕ್ಕೆ ಹೋಗಿ ಬರೀ ಮುಷ್ಟಿ ಎತ್ತಿದೆ.

ಅವನು ಕಣ್ಣು ಕಿರಿದು ಮಾಡಿ ನೋಡಿದ. ಸುಮ್ಮನೆ ಒಂದು ಅಂಕಿ ಹೇಳಿಬಿಡಬಹುದಿತ್ತು. ಇಸ್ಪೀಟಿನಲ್ಲಿ ಸೋತರೂ ಒಪ್ಪದ ಜಾತಿ ಅವನದು.

"ನನಗೆ ಕಾಣ್ತಿಲ್ಲ ನೆಟ್ಟಿ," ಅಂದ. "ಅಲ್ಲಿರೋದು ನೀನು ಅಂತಾನೂ ಗೊತ್ತಾಗ್ತಿಲ್ಲ."

ಆ ಮೂವತ್ತು ಹೆಜ್ಜೆ ನಾನೇ ಓಡಿ ಬಂದೆ.

ಗಿಡ್ಡ ನಳಿಗೆಯ ರೈಫಲನ್ನೇ ಕೊಟ್ಟೆ. ಮೇಲೆ ಸ್ಕೋಪ್ ಇಲ್ಲ. ಕಣ್ಣಿನ ಹತ್ತಿರ ಒಂದು ಸಣ್ಣ ಉಂಗುರ, ನಳಿಗೆಯ ತುದಿಯಲ್ಲಿ ಒಂದು ಕಡ್ಡಿ, ಅಷ್ಟೇ. ಉಂಗುರದೊಳಗೆ ಕಡ್ಡಿಯನ್ನು ಕೂರಿಸಿದರೆ ಗುರಿ ಸಿಕ್ಕಿತು. ಮುದಿಗಣ್ಣಿಗೂ ಅದು ಒಗ್ಗುತ್ತದೆ, ಕಣ್ಣಿಗೆ ಕಾಣದ್ದನ್ನೇನೂ ತೋರಿಸುವುದಿಲ್ಲ.

"ಇಪ್ಪತ್ತು ಹೆಜ್ಜೆ," ಅಂದೆ. "ಅದರಾಚೆ ಇರೋದೆಲ್ಲ ನಿನ್ನ ತಂಗಿ ಅಂತ ತಿಳ್ಕೋ. ಹತ್ರ ಇರೋದನ್ನೂ ಬರಿಗಣ್ಣಲ್ಲಿ ಗುರುತು ಹಿಡಿಯೋವರೆಗೆ ರೈಫಲ್ ಎತ್ತೋ ಹಾಗಿಲ್ಲ."

"ಹೂಂ," ಅಂದ, ಚಿಕ್ಕ ಹುಡುಗನ ಹಾಗೆ.

ಅದೇ ಆಗಸ್ಟಿನಲ್ಲಿ ಬೇಟೆ ಶುರುವಾದ ಮೊದಲ ದಿನ, ನಾನು ಬೆಳಗಿನ ತಿಂಡಿಗೆ ಮೆತ್ತನೆಯ ಬಿಸ್ಕತ್ತು ರೊಟ್ಟಿ ಬೇಯಿಸುತ್ತಿದ್ದಾಗ ಹಿಂಬಾಗಿಲಿಗೆ ಬಂದ. ಕೈಯಲ್ಲಿ ಒಂದೇ ಒಂದು ಅಳಿಲು, ಪೆಟ್ಟು ತಲೆಗೇ ಬಿದ್ದಿತ್ತು.

"ಒಂದೇನಾ?" ಅಂದೆ.

"ಇನ್ನೂ ನಾಲ್ಕು ಅಲ್ಲಾಡಿದ್ವು. ಏನು ಅಂತ ಗೊತ್ತಾಗ್ಲಿಲ್ಲ, ಬಿಟ್ಟೆ." ಟೋಪಿ ತೆಗೆದು ಕುರ್ಚಿ ಎಳೆದುಕೊಂಡ. "ಅದ್ರಲ್ಲಿ ಒಂದು ನೀನೇ ಆಗಿದ್ರೂ ಆಗಿರ್ಬಹುದು."

ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು ಬಾಣಲೆ ಇಟ್ಟೆ. ಆ ಶರತ್ಕಾಲದಲ್ಲಿ ಮತ್ತೆ ಹಿಕರಿ ಕಾಯಿ ಆರಿಸಲು ಹೋದೆ, ಅದೇ ಬೂದು ಸ್ವೆಟರು ಹಾಕಿಕೊಂಡು.