ಮೂಲಪುರುಷನ ಮೀಸೆ

"ಉಸಿರು ಬಿಡಬೇಡ ಚೇಚ್ಚಿ, ಮೀಸೆ ಬಿದ್ದುಹೋಗುತ್ತೆ."

ಇಟ್ಯಾವಿರ ಪೇರಪ್ಪನ್ ಹೇಳಿ ಮುಗಿಸುವ ಮೊದಲೇ ಅವರ ಅಕ್ಕ, ನನ್ನ ಸೋದರತ್ತೆ ಕುಂಜೇಲಿ ಅಮ್ಮಾಯಿ ಸೀನಿದರು. ತೆಂಗಿನ ನಾರಿಗೆ ಮಸಿ ಬಳಿದು ಮಾಡಿದ್ದ ಮೀಸೆ ಅವರ ಮೇಲ್ತುಟಿಯಿಂದ ಹಾರಿ, ಊಟದ ಮೇಜಿನ ಮೇಲಿದ್ದ ಮೀನುಸಾರಿನ ಮಡಕೆಯ ಅಂಚಿನಲ್ಲಿ ಕೂತು, ಅಲ್ಲಿ ಕೊಂಚ ಯೋಚಿಸಿ, ಒಳಗೆ ಜಾರಿತು.

"ಹೋಯ್ತು," ಅಂದರು ಅಮ್ಮಾಯಿ. "ಮುತ್ತಜ್ಜ ಮುಳುಗಿದ."

"ನಗಬೇಡ. ಇನ್ನೊಂದು ಮಾಡಬೇಕು ಈಗ. ಬೆಳಕು ಹೋಗ್ತಾ ಇದೆ."

"ನಾನೆಲ್ಲಿ ನಕ್ಕೆ? ಗೋಂದಿನ ವಾಸನೆ ಮೂಗಿಗೆ ಹತ್ತಿದೆ. ಆ ಸಾರು ನೀನೇ ಉಣ್ಣು."

ಚಿತ್ರ ಬರೆಯುವ ಸದಾನಂದನ್ ಕುಂಚ ಒರೆಸಿದ. ಅವನು ಚರ್ಚಿಗೆ ಸಂತರನ್ನೂ ದೇವಸ್ಥಾನಕ್ಕೆ ದೇವರನ್ನೂ ಪಕ್ಷದ ಬ್ಯಾನರಿಗೆ ಹುತಾತ್ಮರನ್ನೂ ಬರೆದವನು. ಮನೆಯವರ ಜಗಳದಲ್ಲಿ ಬಾಯಿ ಹಾಕುವುದಿಲ್ಲ. ಅವನ ಕ್ಯಾನ್ವಾಸಿನಲ್ಲಿ ಹಣೆ, ಹುಬ್ಬು, ಕಣ್ಣು, ಗಿಣಿಯ ಕೊಕ್ಕಿನಂಥ ಮೂಗು ತಯಾರಾಗಿದ್ದವು. ಮೂಗಿನ ಕೆಳಗೆ ಬರೀ ಬಿಳಿ. ಅಷ್ಟನ್ನೂ ತುಂಬಿದರೆ ಅದು ಪೋತ್ತನ್. ಕಾಡು ಕಡಿದು ಪಾಲಾದಲ್ಲಿ ಮೊದಲು ಮನೆ ಕಟ್ಟಿದವನು, ಪ್ಲಾವುಂಚೇರಿ ಮನೆತನದ ಮೂಲಪುರುಷ.

ನಮ್ಮ ಪಾಲಾ ಕಡೆ ಒಂದು ಮನೆತನ ರಬ್ಬರ್ ತೋಟ ಇಲ್ಲದೆ ಬದುಕಬಹುದು, ತನ್ನ ಚರಿತ್ರೆಯ ಪುಸ್ತಕ ಇಲ್ಲದೆ ಬದುಕಲಾಗದು. ಜನವರಿಯಲ್ಲಿ ಎಲ್ಲ ಕವಲುಗಳೂ ಸೇರುವ ಕುಟುಂಬಯೋಗ, ಅಲ್ಲಿ ಬಿಷಪ್ಪರ ಕೈಯಿಂದ ನಮ್ಮ ಪುಸ್ತಕದ ಬಿಡುಗಡೆ, ಆಮೇಲೆ ಊಟ. ಅಧ್ಯಕ್ಷರು ಪೇರಪ್ಪನ್, ನನ್ನ ಅಪ್ಪನ ಅಣ್ಣ. ಬರೆಯುವವಳು ನಾನು, ಏಕೆಂದರೆ ಕೋಟ್ಟಯಂನ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ. ಅಕ್ಷರದ ಪಕ್ಕದಲ್ಲಿ ಕೂರುವವಳಿಗೆ ಬರೆಯಲು ಬರುತ್ತದೆಂದು ಮನೆಯವರ ನಂಬಿಕೆ.

ಮೊದಲ ಅಧ್ಯಾಯ ಕಷ್ಟವಾಗಲಿಲ್ಲ. ಸಂತ ತೋಮಸರು ಕಡಲು ದಾಟಿ ಬಂದರು, ಒಂದು ನಂಬೂದಿರಿ ಮನೆಯವರಿಗೆ ಜ್ಞಾನಸ್ನಾನ ಕೊಟ್ಟರು, ಆ ಮನೆ ನಮ್ಮದು. ಪಾಲಾದ ಎಲ್ಲ ಪುಸ್ತಕಗಳಲ್ಲೂ ಆ ಮನೆ ಅವರವರದೇ. ನಾನು ಪಕ್ಕದ ಮನೆತನದ ಪುಸ್ತಕ ನೋಡಿ ಬರೆದೆ; ಅವರು ಇನ್ನೊಬ್ಬರದು ನೋಡಿ ಬರೆದಿದ್ದರು. ಕರಡು ಓದಿದ ಪಾದ್ರಿಯವರು ಮಗಳನ್ನು ಕರೆಯುವಂತೆ, "ಮೋಳೆ, ಒಂದು ಕಡೆ ನಿಮ್ಮ ಪೂರ್ವಜರು ಎರಡು ಸಾಲಿನ ಮಟ್ಟಿಗೆ ಪಕ್ಕದ ಮನೆಗೆ ಹೋಗಿ ಬಂದಿದ್ದಾರಲ್ಲ," ಎಂದರು. ಮನೆಯ ಹೆಸರು ಬದಲಿಸುವುದು ಮರೆತಿತ್ತು. ತಿದ್ದಿದೆ.

ಕಷ್ಟವಾದದ್ದು ಮೂಲಪುರುಷನ ಚಿತ್ರ. ಪೋತ್ತನ್ ಸತ್ತಾಗ ಪಾಲಾಕ್ಕೆ ಕ್ಯಾಮೆರಾ ಬಂದಿರಲಿಲ್ಲ. ಅವನನ್ನು ಹೋಲುವ ಒಬ್ಬರನ್ನು ತೋರಿಸಿದರೆ ಸಾಕು, ಉಳಿದದ್ದು ತನ್ನ ಜವಾಬ್ದಾರಿ ಎಂದ ಸದಾನಂದನ್. ಮರುದಿನದಿಂದ ಒಬ್ಬೊಬ್ಬ ಚಿಕ್ಕಪ್ಪನೂ ತಂತಮ್ಮ ಮೂಗು ಹಿಡಿದುಕೊಂಡು ಬಂದರು. ಕೊನೆಗೆ ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತನ್ನು ನನ್ನ ಅಪ್ಪ ಆಡಿದರು: "ಪೋತ್ತನ್ ಅಂದ್ರೆ ಕುಂಜೇಲಿ ಚೇಚ್ಚಿ ಅಲ್ವಾ?"

ಕುಂಜೇಲಿ ಅಮ್ಮಾಯಿ ತೊಟ್ಟಿಲಲ್ಲಿದ್ದಾಗ, ಪೋತ್ತನ್‌ಗೆ ಅನ್ನ ಬಡಿಸಿದ್ದ ಅವರ ಅಜ್ಜಿ ಬಗ್ಗಿ ನೋಡಿ, "ಒಂದು ಮೀಸೆ ಇಟ್ರೆ ನಮ್ಮ ಮಾವನೇ," ಎಂದಿದ್ದರಂತೆ. ಅಜ್ಜಿ ಹೊಗಳಿದ್ದು. ತಮ್ಮಂದಿರ ಬಾಯಲ್ಲಿ ಅದು ಗೇಲಿಯ ಹೆಸರಾಯಿತು. ಶಾಲೆಯಲ್ಲಿ ಪೋತ್ತನ್, ಚರ್ಚಿನ ಅಂಗಳದಲ್ಲಿ ಪೋತ್ತನ್. ಮೊದಲು ನೋಡಲು ಬಂದ ಗಂಡಿನವರು ಬಾಳೆಹಣ್ಣಿನ ಬಜ್ಜಿ ತಿಂದು, ಬಾವಿಕಟ್ಟೆಯಲ್ಲಿ ಈ ಹೆಸರು ಕೇಳಿ, ಕಾಫಿಗೂ ನಿಲ್ಲದೆ ಹೋದರು. ಹಲವು ವರ್ಷ ತಡವಾಗಿ ಕುಮ್ಮಣ್ಣೂರಿನ ವಡಕ್ಕೇಡತ್ತ್ ಮನೆಯ ಚಾಂಡಿ ಅಮ್ಮಾಯಿಯನ್ನು ಮದುವೆಯಾದರು. "ಚಾಂಡಿಗೆ ಹತ್ತಿರದ್ದು ಸರಿಯಾಗಿ ಕಾಣ್ತಿರಲಿಲ್ಲ, ನನ್ನ ಪುಣ್ಯ," ಎಂದು ಅಮ್ಮಾಯಿಯೇ ಹೇಳುತ್ತಾರೆ.

ಕರೆ ಹೋದಾಗ ಅಮ್ಮಾಯಿ ಇಸ್ತ್ರಿ ಮಾಡಿದ ಬಿಳಿ ಚಟ್ಟೆ ರವಿಕೆ ತೊಟ್ಟು, ಹಿಂದೆ ಬೀಸಣಿಗೆಯಂತೆ ನೆರಿಗೆ ಹಿಡಿದ ಮುಂಡು ಉಟ್ಟು ಜೀಪಿನಿಂದ ಇಳಿದರು. "ನನ್ನ ಮುಖಕ್ಕೆ ಕೊನೆಗೂ ಕೆಲಸ ಸಿಕ್ತು." ಸದಾನಂದನ್ ಹಣೆ ಬರೆಯುತ್ತಿದ್ದಾಗ ನನ್ನನ್ನು ಕರೆದು, "ಮೋಳೆ, ಪುಸ್ತಕದಲ್ಲಿ ನನ್ನ ಬಗ್ಗೆ ಇರೋದನ್ನ ಓದು," ಎಂದರು.

ನಾನು ಓದಿದೆ: "ಮಗಳು ಕುಂಜೇಲಿ, ಕುಮ್ಮಣ್ಣೂರು ವಡಕ್ಕೇಡತ್ತ್ ಮನೆಗೆ ಕೊಡಲಾಗಿದೆ."

"ಮುಂದೆ?"

"ಅಷ್ಟೇ ಅಮ್ಮಾಯಿ. ಹೆಣ್ಣುಮಕ್ಕಳದ್ದು ಎಲ್ಲರದ್ದೂ ಅಷ್ಟೇ. ನಾಳೆ ನನ್ನದೂ."

"ಇಟ್ಯಾವಿರನದ್ದು?"

"ಮೂರು ಪುಟ."

"ಮೂರು ಪುಟ ಏನು ಮಾಡಿದ?"

"ಸೊಸೈಟಿ ಅಧ್ಯಕ್ಷತೆ, ಚರ್ಚಿನ ಗಂಟೆ ಗೋಪುರ, ರಬ್ಬರ್ ಹಾಳೆಗೆ ಎರಡನೇ ಬಹುಮಾನ."

"ಎಮ್ಮೆ ಮೇಯಿಸೋಕೆ ಹೋಗಿ ಎಮ್ಮೆ ಬಿಟ್ಟು ಬಂದಿದ್ದು?"

"ಅದು ಇಲ್ಲ."

ಅಮ್ಮಾಯಿ ಪೇರಪ್ಪನ್‌ಗೆ ಕೇಳುವಂತೆ ಹೇಳಿದರು: "ಚಿತ್ರದ ಕೆಳಗೆ ಪೋತ್ತನ್ ಅಂತ ಹಾಕ್ಕೊಳ್ಳಿ. ಅದರ ಕೆಳಗೆ ಸಣ್ಣದಾಗಿ, ಮುಖ ಕುಂಜೇಲಿಯದ್ದು ಅಂತ ಹಾಕಬೇಕು. ಅಷ್ಟಾದ್ರೆ ಮುಖ ಕೊಡ್ತೀನಿ."

"ಆಮೇಲೆ ನೋಡೋಣ," ಎಂದರು ಪೇರಪ್ಪನ್. ಅವರ ಅಧ್ಯಕ್ಷತೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಹೀಗೆ ಕಣ್ಣು, ಮೂಗು ಆಗಿ, ಇವತ್ತು ಮೀಸೆಗೆ ಬಂದಿತ್ತು. ಮೀನುಸಾರಿಗೆ ಬಿದ್ದದ್ದರ ಬದಲಿಗೆ ನಾನು ಇನ್ನೊಂದು ಮೀಸೆ ಕತ್ತರಿಸಿ, ಗೋಂದು ಬೇಡವೆಂದು ಅನ್ನದ ಅಗುಳು ಉಜ್ಜಿ ಅಂಟಿಸಿದೆ. ಇದು ದಪ್ಪವಾಯಿತು, ತುದಿ ಎರಡೂ ಮೇಲಕ್ಕೆ ತಿರುಗಿದವು. ಅಮ್ಮಾಯಿ ಕಿವಿಯ ಮೇಲಂಚಿನ ಬಳೆಯಂಥ ಚಿನ್ನದ ಓಲೆಯನ್ನು ಕೂದಲೊಳಗೆ ಸರಿಸಿ, ಬೆನ್ನು ನೆಟ್ಟಗೆ ಮಾಡಿ, ಬಾಗಿಲ ಕಡೆ ತಿರುಗಿದರು.

ಬಾಗಿಲಲ್ಲಿ ಪೇರಪ್ಪನ್ ನಿಂತಿದ್ದರು. ಮಾಮೂಲಿನಂತೆ ಮುಂಡನ್ನು ಮೊಣಕಾಲಿನ ಮೇಲಕ್ಕೆ ಮಡಚಿ ಕಟ್ಟಿದ್ದರು. ಅಮ್ಮಾಯಿಯ ಮುಖ ನೋಡಿದ್ದೇ ಅವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಮಡಿಕೆ ಬಿಚ್ಚಿ ಮುಂಡು ಪಾದದವರೆಗೆ ಇಳಿಯಿತು. ಪಾದ್ರಿ ಬಂದಾಗ, ಹಿರಿಯರು ಎದುರಾದಾಗ ಇಳಿಸುತ್ತಾರಲ್ಲ, ಹಾಗೆ.

ಸದಾನಂದನ್‌ನ ಕುಂಚದಿಂದ ಬಣ್ಣದ ಹನಿಯೊಂದು ನೆಲಕ್ಕೆ ಬಿತ್ತು.

ಅಮ್ಮಾಯಿ ಎರಡು ಬೆರಳಿನಿಂದ ಮೀಸೆ ಕಿತ್ತರು. ಪೇರಪ್ಪನ್ ಕಣ್ಣು ಪಿಳುಕಿಸಿ, ಕೆಮ್ಮಿ, ಮುಂಡನ್ನು ಎತ್ತಿ ಕಟ್ಟಿದರು. ಅಮ್ಮಾಯಿ ಮೀಸೆಯನ್ನು ಮತ್ತೆ ತುಟಿಯ ಮೇಲಿಟ್ಟರು. ಪೇರಪ್ಪನ್‌ನ ಕೈ ಮತ್ತೆ ಸೊಂಟದ ಹತ್ತಿರ ಹೋಗಿ, ಅರ್ಧದಲ್ಲಿ ನಾಚಿಕೊಂಡು, ಅಲ್ಲೇ ಏನನ್ನೋ ತುರಿಸಿಕೊಂಡಿತು.

"ನೋಡಿದ್ಯಾ ಮೋಳೆ," ಅಂದರು ಅಮ್ಮಾಯಿ, ಮೀಸೆಯ ಒಳಗಿನಿಂದ. "ಇವನಿಗಿಂತ ದೊಡ್ಡೋಳು ನಾನು. ಇವನು ಹುಟ್ಟಿದಾಗಿನಿಂದ ಈ ಮುಖ ಇವನ ಎದುರೇ ಇತ್ತು. ಒಂದು ದಿನ ಮುಂಡು ಇಳಿಸಲಿಲ್ಲ. ನಾರು ಇಟ್ಟ ಮೇಲೆ ಇಳಿಸಿದ."

"ಗಾಳಿಗೆ ಸಡಿಲ ಆಯ್ತು," ಎಂದರು ಪೇರಪ್ಪನ್.

"ಗಾಳಿ ಎಲ್ಲಿದೆ? ಬಿಡು. ಚಿತ್ರದ ಕೆಳಗೆ ನನ್ನ ಹೆಸರು ಬರುತ್ತಾ, ಇಲ್ವಾ?"

"ಚೇಚ್ಚಿ, ಬಿಷಪ್ಪರು ಬಿಡುಗಡೆ ಮಾಡೋ ಪುಸ್ತಕ. ಮೂಲಪುರುಷನ ಮುಖ ಹೆಂಗಸಿನದ್ದು ಅಂತ ಬರೆದ್ರೆ ಜನ ನಗ್ತಾರೆ."

"ಇಷ್ಟು ವರ್ಷ ನಕ್ಕರಲ್ಲ, ನಾನು ಸತ್ತೆನಾ? ಅವರಿಗಿಂತ ಮೊದಲು ನೀನೇ ನಕ್ಕೆ. ಈಗ ನಿನ್ನ ಸರದಿ, ಸ್ವಲ್ಪ ನಗಿಸ್ಕೋ."

"ಹೆಸರು ಹಾಕಿದ್ರೆ ಅದು ಮುತ್ತಜ್ಜನ ಚಿತ್ರ ಅಲ್ಲ, ನಿನ್ನ ಚಿತ್ರ ಆಗುತ್ತೆ."

"ಅದು ನನ್ನ ಚಿತ್ರವೇ ಅಲ್ವೇನೋ?"

ಪೇರಪ್ಪನ್ ಚೌಕಾಸಿಗೆ ಇಳಿದರು. ಅಮ್ಮಾಯಿಗೆ ಅರ್ಧ ಸಾಲಿನ ಬದಲು ಒಂದು ಪೂರ್ತಿ ಸಾಲು ಎಂದರು. ಅಮ್ಮಾಯಿ ಕಿಟಕಿಯ ಹೊರಗೆ ಹಲಸಿನ ಮರ ನೋಡಿದರು. ಒಂದು ಪ್ಯಾರಾ, ಚಾಂಡಿಯ ಹೆಸರಿನ ಸಮೇತ ಎಂದರು. ಮರದಲ್ಲಿ ಅಳಿಲು ಓಡಿತು. ಕೊನೆಯ ಪುಟದಲ್ಲಿ, ಶಾಮಿಯಾನದವನಿಗೂ ಅಡುಗೆಯವರಿಗೂ ಕೃತಜ್ಞತೆ ಹೇಳುವ ಕಡೆ, ಅವರೆಲ್ಲರಿಗಿಂತ ಮೇಲೆ ಅಮ್ಮಾಯಿಯ ಹೆಸರು ಎಂದರು.

"ಶಾಮಿಯಾನದವನ ಹೆಸರೂ ಇದೆಯಾ?" ಅಮ್ಮಾಯಿ ತಿರುಗಿದರು.

"ಇದೆ," ಎಂದೆ ನಾನು.

"ಅವನು ಏನು ಕೊಟ್ಟ?"

"ಶಾಮಿಯಾನ."

"ನಾನು?"

ಪೇರಪ್ಪನ್ ನನ್ನನ್ನು ದುರುಗುಟ್ಟಿ ನೋಡಿದರು. ಸದಾನಂದನ್ ಕಿಟಕಿಯ ಬೆಳಕು ನೋಡಿ, "ಗಲ್ಲಕ್ಕೆ ಮುಖ ಬೇಕೇ ಬೇಕು ಸಾರ್. ಅಂದಾಜಿಗೆ ಬರೆದ್ರೆ ಯಾರದೋ ಗಲ್ಲ ಆಗುತ್ತೆ," ಎಂದ. ಚಿಕ್ಕಪ್ಪಂದಿರ ಗಲ್ಲಗಳೆಲ್ಲ ಸರದಿಯಲ್ಲಿ ನಿಂತಂತೆ ಪೇರಪ್ಪನ್ ಬೆವರು ಒರೆಸಿಕೊಂಡರು.

"ಒಂದು ಪೂರ್ತಿ ಪುಟ," ಎಂದರು. "ಹೆಣ್ಣುಮಕ್ಕಳಿಗೆ ಯಾರಿಗೂ ಇಲ್ಲ. ನಿನಗೆ ಮಾತ್ರ. ಫೋಟೋ ಸಮೇತ."

"ಏನಂತ ಬರೀತೀರಿ?"

ಪೇರಪ್ಪನ್ ನನ್ನ ಕಡೆ ಕೈ ಮಾಡಿದರು. ನಾನು ಬರೆದು ಓದಿದೆ: "ಮೂಲಪುರುಷರ ಮುಖವನ್ನು ಪಡೆದ ಭಾಗ್ಯವತಿ ಕುಂಜೇಲಿ."

"ಪಡೆದೋಳು ನಾನಾ?" ಅಮ್ಮಾಯಿ ಕ್ಯಾನ್ವಾಸಿನ ಹತ್ತಿರ ಹೋದರು. ಎರಡು ಜೊತೆ ಕಣ್ಣು ಒಂದನ್ನೊಂದು ನೋಡಿದವು. ಯಾವುದೂ ಕೆಳಗೆ ಇಳಿಯಲಿಲ್ಲ. "ಪಾಪ, ಇವನಿಗೆ ಮುಖವೇ ಇರಲಿಲ್ಲ. ಪಡೆದೋನು ಇವನು."

ನಾನು ಬರೆದ ಸಾಲನ್ನು ಹೊಡೆದುಹಾಕಿದೆ. ಪೇರಪ್ಪನ್ ಅದನ್ನು ನೋಡಿದರು. ಕುರ್ಚಿಯನ್ನು ತಾವೇ ಕಿಟಕಿಯ ಬೆಳಕಿಗೆ ಎಳೆದು, ಹೆಗಲ ಮೇಲಿನ ಟವೆಲಿನಿಂದ ಒರೆಸಿದರು. ಅಕ್ಕನಿಗಾಗಿ ಅವರು ಕುರ್ಚಿ ಒರೆಸಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನೋಡು ಚೇಚ್ಚಿ. ಮುತ್ತಜ್ಜನ ಎದುರಿನ ಪುಟವೇ ನಿನಗೆ. ಬಣ್ಣದಲ್ಲಿ. ವೇದಿಕೆ ಮೇಲೆ ಬಿಷಪ್ಪರ ಪಕ್ಕ ಕುರ್ಚಿ, ಮೊದಲ ಪ್ರತಿ ಅವರ ಕೈಯಿಂದ ನಿನ್ನ ಕೈಗೆ. ಚಿತ್ರದ ಕೆಳಗೆ ಹೆಸರೊಂದು ಮಾತ್ರ ಕೇಳಬೇಡ. ಮೀಸೆ, ಗಲ್ಲ ಅಷ್ಟೇ ಬಾಕಿ. ಬಾ, ಕೂತ್ಕೋ."

ಅಮ್ಮಾಯಿ ತಮ್ಮನ ಅಂಗೈ ಬಿಡಿಸಿ, ಮೀಸೆಯನ್ನು ಅದರಲ್ಲಿಟ್ಟು, ಬೆರಳುಗಳನ್ನು ಮಡಚಿದರು.

"ಕೂರಲ್ಲ," ಅಂದರು.